ಡೀಬಗರ್ ಕೊಡದೆ ದೋಷ ಹುಡುಕಿ ಎನ್ನುವವರಿಗೆ

ಕಳೆದ ಸೋಮವಾರ ಮುಳಬಾಗಿಲು ಕಡೆಯ ರೈತರೊಬ್ಬರು ಹಾಲಿನ ಪುಸ್ತಕ ಹಿಡಿದು ಕೋಲಾರದ ನಮ್ಮ ಕಚೇರಿಗೆ ಬಂದು, ಹದಿನೈದು ದಿನ ಎರಡೂ ಹೊತ್ತು ಹಾಲು ಹಾಕಿದ ತಮಗೆ ಬಿಲ್ಲಿನಲ್ಲಿ ಸೊನ್ನೆ ಏಕೆ ಬಂದಿದೆ ಎಂದು ಕೇಳಿದಾಗ ನನ್ನ ಬಳಿ ಉತ್ತರವಿರಲಿಲ್ಲ. ಇನ್ನೂ ಹನ್ನೊಂದು ಮಂದಿಗೆ ಅದೇ ಸೊನ್ನೆ. ಬಿಲ್ಲಿನ ಲೆಕ್ಕ ಹಾಕುವುದು, ಬರೆದವರು ಎಂದೋ ಕೆಲಸ ಬಿಟ್ಟುಹೋದ, ಆರುನೂರು ಸಾಲಿನ ಒಂದು ಸ್ಟೋರ್ಡ್ ಪ್ರೊಸೀಜರ್, ಅಂದರೆ ಡೇಟಾಬೇಸಿನೊಳಗೇ ಕೂತಿರುವ ಪ್ರೋಗ್ರಾಂ.

ಡೀಬಗ್ ಮಾಡಿ ನೋಡಿ ಎಂದು ಬೆಂಗಳೂರಿನ ಮುಖ್ಯ ಕಚೇರಿಯವರು ಫೋನಿನಲ್ಲೇ ಅಪ್ಪಣೆ ಕೊಟ್ಟರು. ಯಾವುದರಿಂದ ಮಾಡುವುದು, ಸ್ವಾಮಿ? ಎಸ್‌ಕ್ಯೂಎಲ್ ಸರ್ವರ್ ಮ್ಯಾನೇಜ್‌ಮೆಂಟ್ ಸ್ಟುಡಿಯೋ ಎಂಬ ಡೇಟಾಬೇಸ್ ತಂತ್ರಾಂಶದಲ್ಲಿದ್ದ ಡೀಬಗರ್ (ಪ್ರೋಗ್ರಾಮನ್ನು ಸಾಲು ಸಾಲಾಗಿ ನಿಲ್ಲಿಸಿ ನೋಡುವ ಸಾಧನ) 2019ರಲ್ಲಿ ಬಂದ 18ನೇ ಆವೃತ್ತಿಯಿಂದಲೇ ಇಲ್ಲ. ವಿಷುಯಲ್ ಸ್ಟುಡಿಯೋದ ಡೇಟಾ ಟೂಲ್ಸ್‌ನಲ್ಲಿ ಇದೆಯಾದರೂ ಅದಕ್ಕೆ ಸರ್ವರಿನಲ್ಲಿ ಎಲ್ಲವನ್ನೂ ಮಾಡಬಲ್ಲ ಸಿಸ್‌ಅಡ್ಮಿನ್ ಅಧಿಕಾರ ಬೇಕು. ಬಿಲ್ಲು ಓಡುವ ಸರ್ವರಿನಲ್ಲಿ ಆ ಅಧಿಕಾರವನ್ನು ನಾನು ಕೇಳಿಯೇ ಇಲ್ಲ. ಬ್ರೇಕ್‌ಪಾಯಿಂಟಿನಲ್ಲಿ ನಿಲ್ಲಿಸಿದಷ್ಟು ಹೊತ್ತೂ ಟ್ರಾನ್ಸಾಕ್ಷನ್ (ಒಟ್ಟಿಗೇ ಮುಗಿಯಬೇಕಾದ ಬದಲಾವಣೆಗಳ ಕಂತೆ) ದತ್ತಾಂಶದ ಮೇಲೆ ಹಿಡಿದ ಲಾಕುಗಳು ಬಿಡುವುದಿಲ್ಲ, ಹಿಂದೆ ಎಲ್ಲರೂ ಕಾಯಬೇಕಾಗುತ್ತದೆ ಎಂಬಷ್ಟು ಬುದ್ಧಿ ನನಗೂ ಇದೆ. ನಾನು ಕೇಳಿದ್ದು ಹಿಂದಿನ ದಿನದ ಬ್ಯಾಕಪ್ಪನ್ನು ಟೆಸ್ಟ್ ಸರ್ವರಿಗೆ ಹಾಕಿ, ಅಲ್ಲಿ ಮಾತ್ರ ಎರಡು ದಿನದ ಅಧಿಕಾರ ಕೊಡಿ ಎಂದು. ಭದ್ರತಾ ನೀತಿ ಒಪ್ಪುವುದಿಲ್ಲ ಎಂಬ ಒಂದು ಸಾಲಿನ ಉತ್ತರ ಬಂತು. ರೈತರ ದತ್ತಾಂಶವನ್ನು ಎಕ್ಸೆಲ್ಲಿನಲ್ಲಿ ಮೇಲ್ ಮಾಡಲು ಮಾತ್ರ ಆ ನೀತಿ ಅಡ್ಡ ಬರಲಿಲ್ಲ.

ಹೀಗಾಗಿ ಹನ್ನೆರಡು ರೈತರ ಸಾಲುಗಳನ್ನು ಹಳೆಯ ಟೆಸ್ಟ್ ಡೇಟಾಬೇಸಿಗೆ ಕೈಯಾರೆ ತುಂಬಿ, ನಡುವಿನ ಅಂಕಿಗಳನ್ನು ತೋರಿಸಲು ಇಪ್ಪತ್ತು ಕಡೆ ಪ್ರಿಂಟ್ ಆಜ್ಞೆ ಹಾಕಿದೆ. ಯಾವುದೋ ಮಾಸ್ಟರ್ ಟೇಬಲ್ಲಿನ ಸಾಲು ಸಿಗದೆ ಪ್ರೊಸೀಜರ್ ಮತ್ತೆ ಮತ್ತೆ ದೋಷ ಬಂದಾಗ ಓಡುವ ಕ್ಯಾಚ್ ಭಾಗಕ್ಕೆ ಹಾರಿ, ಮಾಡಿದ ಬದಲಾವಣೆಗಳೆಲ್ಲ ರದ್ದಾಗಿ ರೋಲ್‌ಬ್ಯಾಕ್ ಆಗುತ್ತಿತ್ತು, ನಾನು ಲಾಗ್ ಟೇಬಲ್ಲಿಗೆ ಬರೆಸಿದ್ದೆಲ್ಲವೂ ಅದರೊಂದಿಗೇ ಅಳಿಸಿಹೋಗುತ್ತಿತ್ತು. ಸಾಲುಗಳನ್ನು ತಾತ್ಕಾಲಿಕವಾಗಿ ಹಿಡಿದಿಡುವ ಟೇಬಲ್ ವೇರಿಯಬಲ್ಲಿನ ಸಾಲುಗಳನ್ನು ರೋಲ್‌ಬ್ಯಾಕ್ ಮುಟ್ಟುವುದಿಲ್ಲ ಎಂಬುದು ನೆನಪಾಗುವಾಗ ರಾತ್ರಿ ಹತ್ತು ದಾಟಿತ್ತು.

ಮರುದಿನ ಮಧ್ಯಾಹ್ನ ಸಿಕ್ಕಿದ್ದು ಇಷ್ಟು: ಒಂದು ಸಂಜೆ ಕರೆಂಟು ಹೋಗಿ, ಹಾಲು ಪರೀಕ್ಷಿಸುವ ಯಂತ್ರದಿಂದ ಕೊಬ್ಬಲ್ಲದ ಘನಾಂಶ ಹೇಳುವ ಎಸ್‌ಎನ್‌ಎಫ್ ಅಂಕಿ ಬಾರದೆ ಆ ಜಾಗದಲ್ಲಿ ನಲ್, ಅಂದರೆ ಅಂಕಿಯೇ ಇಲ್ಲ ಎಂಬ ಗುರುತು, ಕೂತಿತ್ತು. ಸಾಲುಗಳನ್ನು ಒಂದೊಂದಾಗಿ ಓದುವ ಕರ್ಸರಿನ ಸುತ್ತಿನಲ್ಲಿ ಆ ಹೊತ್ತಿನ ಮೊತ್ತವೂ ನಲ್ ಆಗಿ, ಅದನ್ನು ಕೂಡಿಸಿಕೊಂಡ ಒಟ್ಟು ಮೊತ್ತವೂ ನಲ್ ಆಗಿ, ಕೊನೆಯಲ್ಲಿ ಯಾರೋ ಜಾಣತನದಿಂದ ಹಾಕಿದ್ದ ಇಸ್‌ನಲ್ ಅದನ್ನು ಸದ್ದಿಲ್ಲದೆ ಸೊನ್ನೆ ಮಾಡಿತ್ತು. ಡೀಬಗರಿನಲ್ಲಿ ಒಟ್ಟು ಮೊತ್ತದ ವೇರಿಯಬಲ್ಲಿಗೆ ವಾಚ್ (ಕಣ್ಗಾವಲು) ಇಟ್ಟು ಒಂದೊಂದೇ ಹೆಜ್ಜೆ ಮುಂದೆ ಹೋಗಿದ್ದರೆ, ಅದು ನಲ್ ಆದ ಸುತ್ತು ಕಣ್ಣಿಗೆ ಬೀಳಲು ಹತ್ತು ನಿಮಿಷ ಬೇಕಿರಲಿಲ್ಲ.

ಒಂದು ಸಾಲಿನ ತಿದ್ದುಪಡಿಗೆ ಎರಡು ದಿನ ಏಕೆ ಹಿಡಿಯಿತು ಎಂದು ವಿವರಣೆ ಕೇಳಿ ಅದೇ ಮುಖ್ಯ ಕಚೇರಿಯಿಂದ ಈಗ ಮೇಲ್ ಬಂದಿದೆ. ಟೆಸ್ಟ್ ಸರ್ವರಿನ ಬಗ್ಗೆ ನಾನು ಮತ್ತೆ ಸಲ್ಲಿಸಿದ ಕೋರಿಕೆ ಪರಿಶೀಲನೆಯಲ್ಲಿದೆಯಂತೆ.