ರಮ್ಮಿ ಕೌಶಲವೋ ಅದೃಷ್ಟವೋ ಅನ್ನೋ ಜಗಳ ಸಾಕು

ಆನ್‌ಲೈನ್ ಜೂಜಿನ ವಿಷಯದಲ್ಲಿ ನಮ್ಮ ರಾಜ್ಯಗಳು ಕೋರ್ಟಿನಲ್ಲಿ ಮತ್ತೆ ಮತ್ತೆ ಸೋತದ್ದು ಒಂದೇ ಪ್ರಶ್ನೆಯ ಮುಂದೆ. ರಮ್ಮಿ ಬುದ್ಧಿಯ ಆಟವೋ, ಅದೃಷ್ಟದ ಆಟವೋ? ಬುದ್ಧಿಯ, ಅಂದರೆ ಕೌಶಲದ ಆಟ ಎಂದಾದರೆ ಕೋರ್ಟಿನ ಕಣ್ಣಿಗೆ ಅದು ಜೂಜಲ್ಲ. ಇದನ್ನೇ ಹಿಡಿದುಕೊಂಡು ಕೂತರೆ ಗೆಲ್ಲೋದು ಕಂಪನಿಗಳೇ.

ನಮ್ಮದನ್ನೇ ನೋಡಿ. 2021ರಲ್ಲಿ ಕರ್ನಾಟಕ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು, ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿದರು. ಲಾಟರಿಗೂ ಕುದುರೆ ರೇಸಿಗೂ ಮಾತ್ರ ವಿನಾಯಿತಿ. 2022ರ ಫೆಬ್ರುವರಿಯಲ್ಲಿ ಹೈಕೋರ್ಟ್ ಅದರ ಮುಖ್ಯ ಭಾಗಗಳನ್ನು ರದ್ದು ಮಾಡಿತು. ತಮಿಳುನಾಡಿಗೂ ಕೇರಳಕ್ಕೂ ಅದಕ್ಕೆ ಮೊದಲೇ ಇದೇ ಗತಿ ಆಗಿತ್ತು. ರಮ್ಮಿ ಮುಖ್ಯವಾಗಿ ಕೌಶಲದ ಆಟ ಎಂದು 1968ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮಾತು ಕಂಪನಿಗಳ ಕೈ ಹಿಡಿಯಿತು.

ಆದರೆ ಅದೇ ತೀರ್ಪಿನಲ್ಲಿ ಇನ್ನೊಂದು ಮಾತೂ ಇದೆ. ಪಣ ಇಟ್ಟು ಆಡುವ ಆಟದಿಂದ ಕ್ಲಬ್ಬಿನ ಮಾಲೀಕ ಲಾಭ ಮಾಡಿಕೊಳ್ಳುತ್ತಿದ್ದರೆ ಅದು ಅಪರಾಧ ಆಗಬಹುದು ಅಂತ. ನನ್ನ ಮಟ್ಟಿಗೆ ಇಡೀ ವಿಷಯದ ತಿರುಳು ಇದೇ.

ಆ್ಯಪ್‌ನಲ್ಲಿ ಏನಾಗುತ್ತದೆ ಅಂತ ನೋಡಿ. ಹದಿಮೂರು ಎಲೆ ಬಂತು. ಪಾಯಿಂಟಿಗೆ 10 ರೂಪಾಯಿ ಅಂತ ಇಟ್ಟುಕೊಳ್ಳಿ. ಎಲೆ ಚೆನ್ನಾಗಿಲ್ಲ ಅಂತ ಶುರುವಿನಲ್ಲೇ ಡ್ರಾಪ್ ಆದರೆ, ಅಂದರೆ ಆಟ ಬಿಟ್ಟರೆ, 20 ಪಾಯಿಂಟ್ ದಂಡ, 200 ರೂಪಾಯಿ ಹೋಯಿತು. ನಡುವೆ ಬಿಟ್ಟರೆ 400. ಪೂರ್ತಿ ಸೋತರೆ 800. ಎಲ್ಲ ಮುಗಿಯೋಕೆ ಕೆಲವೇ ನಿಮಿಷ. ಅಷ್ಟರಲ್ಲಿ ಮುಂದಿನ ಟೇಬಲ್ ಸಿದ್ಧ. ಯಾರೇ ಗೆಲ್ಲಲಿ, ಕಮಿಷನ್ ಕಂಪನಿಗೆ. ಹಬ್ಬದ ರಾತ್ರಿ ನೆಂಟರ ಜೊತೆ ಇಸ್ಪೀಟು ಆಡುವಾಗ ಎಲೆ ಕಲಸೋಕಾದರೂ ಹೊತ್ತು ಬೇಕು, ಜೇಬು ಖಾಲಿಯಾದರೆ ಏಳಬೇಕು, ಅತ್ತಿಗೆ ಬಂದು ಬೈತಾರೆ. ಫೋನಿನಲ್ಲಿ ತಡೆಯುವವರು ಯಾರಿದ್ದಾರೆ?

ಅದಕ್ಕೇ ತಮಿಳುನಾಡು 2025ರಲ್ಲಿ ತಂದ ನಿಯಮಗಳು ನನಗೆ ಹಿಡಿಸಿದವು. ನಡುರಾತ್ರಿ 12ರಿಂದ ಬೆಳಗಿನ 5ರವರೆಗೆ ದುಡ್ಡಿನ ಆಟಕ್ಕೆ ಲಾಗಿನ್ ಆಗುವಂತಿಲ್ಲ. ಆಧಾರ್ ಪರಿಶೀಲನೆ ಆಗಲೇಬೇಕು. ರಮ್ಮಿ ಎಂಥ ಆಟ ಅನ್ನೋ ವಾದಕ್ಕೆ ಹೋಗದೆ, ಆಡುವವನ ಹೊತ್ತನ್ನೂ ವಯಸ್ಸನ್ನೂ ನೋಡಿದರು. ಮದ್ರಾಸ್ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು.

ಅದೇ ವರ್ಷ ಆಗಸ್ಟಿನಲ್ಲಿ ಸಂಸತ್ತೇ ಇಡೀ ದೇಶಕ್ಕೆ ಕಾಯ್ದೆ ಮಾಡಿತು. ಕೌಶಲ, ಅದೃಷ್ಟ ಅನ್ನೋ ಭೇದ ಇಲ್ಲ. ದುಡ್ಡಿನ ಆಟ ನಡೆಸಿದರೆ 3 ವರ್ಷದವರೆಗೆ ಜೈಲು, 1 ಕೋಟಿ ರೂಪಾಯಿವರೆಗೆ ದಂಡ. ಒಳ್ಳೆಯದೇ ಆಯಿತು. ಆದರೆ ಇನ್ನು ರಾಜ್ಯಗಳಿಗೆ ಕೆಲಸ ಇಲ್ಲ ಅಂದುಕೊಂಡರೆ ತಪ್ಪು. ಹೊರದೇಶದಲ್ಲಿ ಕೂತ ಬೆಟ್ಟಿಂಗ್ ಸೈಟುಗಳಿಗೆ ದುಡ್ಡು ಹೋಗೋದು ಇಲ್ಲಿನವರದ್ದೇ ಬ್ಯಾಂಕ್ ಖಾತೆಗಳ ಮೂಲಕ. ಪುಡಿಗಾಸಿನ ಆಸೆಗೆ ಖಾತೆ, ಸಿಮ್ಮು ಬಾಡಿಗೆಗೆ ಕೊಡುವ ಹುಡುಗರಿದ್ದಾರೆ. ಆ ಜಾಲ ಹಿಡಿಯಬೇಕಾದವರು ನಮ್ಮ ಪೊಲೀಸರೇ. ಅಂದರ್ ಬಾಹರ್ ಆಡುತ್ತಿದ್ದ ಐದು ಜನರನ್ನು ಹಿಡಿದು, ಎಲೆ, ನಗದು ವಶ ಅಂತ ಪ್ರಕಟಣೆ ಕೊಡುವಷ್ಟೇ ಹುರುಪು ಇಲ್ಲೂ ಬೇಕಲ್ವಾ?

ಚಟ ಬಿಡಿಸೋದು ಬೇರೆಯದೇ ಕೆಲಸ. ಮೊಬೈಲ್ ಚಟಕ್ಕೆ ಅಂತಲೇ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಶಟ್ ಕ್ಲಿನಿಕ್ ಇದೆ. ರಾಯಚೂರಿನ ಹುಡುಗ ಅಲ್ಲಿಯವರೆಗೆ ಬರ್ತಾನಾ? ಜಿಲ್ಲಾಸ್ಪತ್ರೆಗಳಲ್ಲೇ ಇಂಥದ್ದೊಂದು ಕೊಠಡಿ ತೆರೆಯಲಿ.

ಮನೆಯಲ್ಲಿ ಯಾರಾದರೂ ಇದರಲ್ಲಿ ಸಿಕ್ಕಿಬಿದ್ದಿದ್ದರೆ ಒಂದು ವಿಷಯ ಗೊತ್ತಿರಲಿ: ಈ ಹೊಸ ಕೇಂದ್ರ ಕಾಯ್ದೆಯಲ್ಲಿ ಸುಮ್ನೆ ಆಡಿದವನಿಗೆ ಶಿಕ್ಷೆ ಇಲ್ಲ. ಶಿಕ್ಷೆ ಇರೋದು ಆಟ ನಡೆಸಿದವರಿಗೆ, ಜಾಹೀರಾತು ಕೊಟ್ಟವರಿಗೆ, ದುಡ್ಡು ಸಾಗಿಸಿದವರಿಗೆ.