ಎರೆಯುವ ನೀರು, ಎರಚುವ ನೀರು

ನಿನ್ನೆ ರಾತ್ರಿ ನಿದ್ದೆ ಬರಲಿಲ್ಲ ಮಾರಾಯ್ರೇ. ಮಲಗುವ ಹೊತ್ತಿಗೆ ಆ ರೀಲ್ ನೋಡಬಾರದಿತ್ತು. ಲಾವೋಸ್‌ನ ಲುವಾಂಗ್ ಪ್ರಬಾಂಗ್ ಪಟ್ಟಣದ ರಸ್ತೆ. ಪಿಕಪ್ ಗಾಡಿಯ ಹಿಂದೆ ನಿಂತು ಕೂಗುತ್ತಿರುವವನು ನಮ್ಮವನೇ, ಕನ್ನಡದಲ್ಲೇ ಕೂಗುತ್ತಿದ್ದಾನೆ. ರಸ್ತೆಬದಿಯಲ್ಲಿ ಒಬ್ಬರು ಅಜ್ಜಿ ನಡೆದು ಹೋಗುತ್ತಿದ್ದಾರೆ. ಹೆಗಲ ಮೇಲಿಂದ ಅಡ್ಡಕ್ಕೆ ಹಾದ ಬಿಳಿ ಶಲ್ಯ, ಎರಡೂ ಕೈಯಲ್ಲಿ ಹಿಡಿದ ಬೆಳ್ಳಿ ಬಟ್ಟಲು, ಬಟ್ಟಲ ನೀರಿನಲ್ಲಿ ಹಳದಿ ಹೂ. ದೇವರ ಹತ್ತಿರ ಹೊರಟವರೆಂದು ನೋಡಿದ ಯಾರಿಗೂ ತಿಳಿಯಬೇಕು. ಅವರ ಎದೆಗೆ ಒಂದು ಬಕೆಟ್ ಐಸ್ ನೀರು ಬಿತ್ತು. ಹೂವೆಲ್ಲ ಡಾಂಬರಿನ ಮೇಲೆ. ಅಜ್ಜಿ ಮುಖ ಒರೆಸಿಕೊಂಡು ನಕ್ಕರು. ಆ ನಗುವನ್ನೇ ನಿಲ್ಲಿಸಿ, ಅದರ ಮೇಲೆ 'ಲಾವೋಸ್‌ನ ಹೋಳಿ' ಎಂದು ಬರೆದಿದ್ದಾನೆ. ಮೆಚ್ಚಿದವರ ಪಟ್ಟಿಯಲ್ಲಿ ನನ್ನ ಇಬ್ಬರು ಸ್ನೇಹಿತರೂ ಇದ್ದಾರೆ.

ಹೋಳಿ ಅಲ್ಲ ಅದು. ನಾನು ಲಾವೋಸ್‌ನ ರಾಜಧಾನಿ ವಿಯೆಂಟಿಯಾನ್‌ನಲ್ಲಿ ಎರಡು ವರ್ಷ ಇದ್ದದ್ದು ನಿಮಗೆಲ್ಲ ಗೊತ್ತಿದೆ, ಹಾಗಾಗಿ ಈ ಒಂದು ವಿಷಯದಲ್ಲಿ ನನ್ನ ಮಾತು ಸ್ವಲ್ಪ ಕೇಳಿ. ಅದು ಪೀ ಮಾಯ್, ಹೊಸ ವರ್ಷ. ಏಪ್ರಿಲ್ 14ರಿಂದ 16. ನಮ್ಮ ಮನೆಯಲ್ಲಿ ಅಮ್ಮ ಬಿಸು ಕಣಿ ಇಡುವ ಹೊತ್ತಿಗೇ ಅಲ್ಲಿ ಅವರ ಹಬ್ಬ. ಸೂರ್ಯ ಮೇಷಕ್ಕೆ ಬರುವ ಲೆಕ್ಕ ಇಬ್ಬರದೂ ಒಂದೇ. ಅವರು ಅದನ್ನು 'ಸಂಖಾನ್' ಅನ್ನುತ್ತಾರೆ, ನಮ್ಮ ಸಂಕ್ರಾಂತಿಯೇ ಅಷ್ಟು ದೂರ ನಡೆದು ಹೋಗಿ ಸವೆದದ್ದು. ಹೂವೂ ಅದೇ. ನಮ್ಮ ಗುಡ್ಡದ ಕಕ್ಕೆ ಹೂ ಅಲ್ಲಿ 'ದೋಕ್ ಖೂನ್'. ಮೊದಲ ಏಪ್ರಿಲ್‌ನಲ್ಲಿ ಅಲ್ಲಿನ ಬೀದಿಯಲ್ಲಿ ಕಕ್ಕೆ ಮರ ಮೈತುಂಬ ಹಳದಿ ಸುರಿಸಿಕೊಂಡು ನಿಂತದ್ದು ಕಂಡಾಗ ನನಗೆ ಕಣ್ಣು ತುಂಬಿತ್ತು.

ಕನ್ನಡದಲ್ಲಿ ನಮಗೆ ಎರಡು ಮಾತಿವೆ, ಎರೆಯುವುದು ಮತ್ತು ಎರಚುವುದು. ಮಗುವಿಗೆ ನೀರು ಎರೆಯುತ್ತೇವೆ. ಬಾಣಂತಿಗೆ ಎರೆಯುತ್ತೇವೆ. ಗಿಡದ ಬುಡಕ್ಕೆ ಎರೆಯುತ್ತೇವೆ, ಮಗಳನ್ನು ಧಾರೆ ಎರೆದು ಕೊಡುತ್ತೇವೆ. ಎರಚುವುದು ಕೆಸರನ್ನು. ಲಾವೋ ಜನ ಹೊಸ ವರ್ಷದ ನೀರಿಗೆ ಬಳಸುವ ಮಾತು 'ಹೊತ್', ಅಂದರೆ ಎರೆಯುವುದು. ಲುವಾಂಗ್ ಪ್ರಬಾಂಗಿಗೆ ಆ ಹೆಸರು ಬಂದದ್ದೇ ಪ್ರಬಾಂಗ್ ಎಂಬ ಬುದ್ಧನ ಮೂರ್ತಿಯಿಂದ. 83 ಸೆಂಟಿಮೀಟರ್ ಎತ್ತರದ ಆ ಮೂರ್ತಿಯನ್ನು ಹಳೆಯ ಅರಮನೆಯ ಆವರಣದಿಂದ ಮೆರವಣಿಗೆಯಲ್ಲಿ ತಂದು, ವಾಟ್ ಮಾಯ್ ವಿಹಾರದಲ್ಲಿ ಮೂರು ದಿನ ಇಡುತ್ತಾರೆ. ಅದರ ಮೇಲೂ ಯಾರೂ ನೀರು ಎಸೆಯುವುದಿಲ್ಲ. ನಾಗನ ಆಕಾರದ, ನೀರು ಹರಿಸುವ ಉದ್ದನೆಯ ಮರದ ದೋಣಿ ಇದೆ, ಅದಕ್ಕೆ 'ಹಾಂಗ್ ಹೊತ್' ಎಂದೇ ಹೆಸರು. ಜನ ಸಾಲಾಗಿ ಬಂದು ನಾಗನ ಬೆನ್ನಿನೊಳಗೆ ಹೂ ಹಾಕಿದ ನೀರು ಎರೆಯುತ್ತಾರೆ. ಅದು ಮೆಲ್ಲಗೆ ಹರಿದು ಬಂದು ಮೂರ್ತಿಯ ಮೇಲೆ ಧಾರೆಯಾಗಿ ಬೀಳುತ್ತದೆ. ಅಷ್ಟು ನಯ, ಅಷ್ಟು ಸಾವಧಾನ.

ಈ ಹಬ್ಬಕ್ಕೆ ಅವರಲ್ಲೊಂದು ಕಥೆ ಇದೆ. ಕಪಿಲ ಬ್ರಹ್ಮ ಒಬ್ಬ ಜಾಣ ಹುಡುಗನಿಗೆ ತಲೆ ಪಣಕ್ಕಿಟ್ಟು ಒಗಟು ಹಾಕುತ್ತಾನೆ: ಮನುಷ್ಯನ ಕಳೆ ಬೆಳಿಗ್ಗೆ ಎಲ್ಲಿರುತ್ತದೆ, ಮಧ್ಯಾಹ್ನ ಎಲ್ಲಿರುತ್ತದೆ, ಸಂಜೆ ಎಲ್ಲಿರುತ್ತದೆ? ಹುಡುಗನಿಗೆ ಹಕ್ಕಿಗಳ ಭಾಷೆ ಬರುತ್ತದೆ, ಮರದ ಮೇಲಿನ ಹಕ್ಕಿಗಳ ಮಾತು ಕೇಳಿ ಉತ್ತರ ತಿಳಿದುಕೊಳ್ಳುತ್ತಾನೆ. ಬೆಳಿಗ್ಗೆ ಮುಖದಲ್ಲಿ, ಅದಕ್ಕೇ ಜನ ಮುಖ ತೊಳೆಯುತ್ತಾರೆ. ಮಧ್ಯಾಹ್ನ ಎದೆಯಲ್ಲಿ, ಅದಕ್ಕೇ ಎದೆಗೆ ಸುಗಂಧ ಹಚ್ಚಿಕೊಳ್ಳುತ್ತಾರೆ. ಸಂಜೆ ಪಾದದಲ್ಲಿ, ಅದಕ್ಕೇ ಕಾಲು ತೊಳೆದು ಮಲಗುತ್ತಾರೆ. ಸೋತ ಬ್ರಹ್ಮ ತಲೆ ಕೊಡುತ್ತಾನೆ. ಆ ತಲೆ ನೆಲಕ್ಕೆ ಬಿದ್ದರೆ ಬೆಂಕಿ, ಸಮುದ್ರಕ್ಕೆ ಬಿದ್ದರೆ ಸಮುದ್ರ ಬತ್ತುತ್ತದೆ. ಹಾಗಾಗಿ ಏಳು ಹೆಣ್ಣುಮಕ್ಕಳು ವರ್ಷಕ್ಕೊಬ್ಬಳಂತೆ ಅಪ್ಪನ ತಲೆಯನ್ನು ಹೊತ್ತು ಮೆರವಣಿಗೆ ಮಾಡುತ್ತಾರೆ. ಲುವಾಂಗ್ ಪ್ರಬಾಂಗಿನ ಬೀದಿಯಲ್ಲಿ ಆ ವರ್ಷದ ನಾಂಗ್ ಸಂಖಾನ್, ಅಂದರೆ ಸಂಖಾನ್ ಕನ್ಯೆ, ಆಗಿ ಕೂತ ಹುಡುಗಿ ಅದೇ ಮಗಳು. ಮೈಯ ಕಳೆ ಎಲ್ಲಿದೆಯೆಂದು ಹುಡುಕಿ, ಅಲ್ಲಿಗೆ ನೀರು ಮುಟ್ಟಿಸುವ ಜನ ಇವರು. ಅವರ ಹಬ್ಬದ ದಿನ ಆ ಅಜ್ಜಿಯ ಎದೆಗೆ ಬಕೆಟ್ ಬೀಸುವುದೇ?

ಹಳ್ಳಿಗೆ ಹೋಗಿ ನೋಡಬೇಕು. ಎರಡನೆಯ ವರ್ಷ ನಾನು ಹಾಗೆ ಹೋದೆ. ಆಗಿನ್ನೂ ರೈಲು ಇರಲಿಲ್ಲ. ಈಗ 2021ರ ಡಿಸೆಂಬರ್‌ನಿಂದ ಚೀನಾ ಗಡಿಯವರೆಗೆ ರೈಲಿದೆ, ವಿಯೆಂಟಿಯಾನ್‌ನಿಂದ ಲುವಾಂಗ್ ಪ್ರಬಾಂಗಿಗೆ ಎರಡು ಗಂಟೆ. ನಾವು 13ನೇ ನಂಬರ್ ರಸ್ತೆಯಲ್ಲಿ ಇಡೀ ರಾತ್ರಿ ಬಸ್ಸಿನಲ್ಲಿ ಕುಲುಕಿಕೊಂಡು ಹೋದವರು. ಅಲ್ಲಿಂದ ವ್ಯಾನಿನಲ್ಲಿ ನಾಂಗ್ ಖಿಯಾವ್ ಎಂಬ ಊರು, ಅಲ್ಲಿಂದ ನಾಮ್ ಊ ನದಿಯಲ್ಲಿ ಉದ್ದನೆಯ ದೋಣಿ. ಮುಂಚೆ ಲುವಾಂಗ್ ಪ್ರಬಾಂಗಿನಿಂದಲೇ ದೋಣಿಯಲ್ಲಿ ನಾಂಗ್ ಖಿಯಾವ್‌ಗೆ ಬರಬಹುದಿತ್ತಂತೆ, ಅಣೆಕಟ್ಟುಗಳು ಬಂದು ಆ ದಾರಿ ಮುಚ್ಚಿತು. ಗುಡ್ಡದಲ್ಲಿ ಬೇಸಾಯಕ್ಕೆಂದು ಕಾಡು ಸುಡುವ ಕಾಲ, ಎರಡೂ ಬದಿಯ ಸುಣ್ಣಕಲ್ಲಿನ ಬೆಟ್ಟಗಳು ಹೊಗೆಯೊಳಗೆ ಅರ್ಧ ಮುಳುಗಿದ್ದವು.

ದೋಣಿಯವನ ಮನೆಯಲ್ಲೇ ಉಳಿದೆ. ಕಂಬಗಳ ಮೇಲೆ ನಿಂತ ಮನೆ, ಕೆಳಗೆ ಕೋಳಿ, ಮಗ್ಗ. ಮೊದಲ ದಿನ ಇಡೀ ಊರು ಮನೆ ತೊಳೆಯಿತು. ನಡುವಿನ ದಿನಕ್ಕೆ 'ಸಂಖಾನ್ ನಾವ್' ಅನ್ನುತ್ತಾರೆ. ಹಳೆಯ ವರ್ಷ ಮುಗಿದಿದೆ, ಹೊಸದು ಬಂದಿಲ್ಲ, ಯಾವ ವರ್ಷಕ್ಕೂ ಸೇರದ ದಿನ. ಆ ದಿನ ಮಕ್ಕಳು ಹೊಳೆಯ ಮರಳನ್ನು ಪಾತ್ರೆಯಲ್ಲಿ ಹೊತ್ತು ತಂದು ಸ್ತೂಪ ಕಟ್ಟಿ, ಬಣ್ಣದ ಕಾಗದದ ಬಾವುಟ ಚುಚ್ಚಿದರು.

ಮೂರನೆಯ ದಿನ ಬೆಳಿಗ್ಗೆ ಅವನ ಅಜ್ಜಿಯನ್ನು ಗಿಡ್ಡ ಬಿದಿರು ಮಣೆಯ ಮೇಲೆ ಕೂರಿಸಿದರು. ಒಳಗೆ ಅಂಟಕ್ಕಿ ಬೇಯುವ ವಾಸನೆ. ಮೊಮ್ಮಗಳು, ಏಳೆಂಟು ವರ್ಷದವಳು, ಬಟ್ಟಲು ಹಿಡಿದು ಮೊದಲು ಮಂಡಿಯೂರಿದಳು. ಅಜ್ಜಿ ತಲೆಯಾಡಿಸಿದ ಮೇಲೆಯೇ ಬಟ್ಟಲು ಬಾಗಿತು. ಕಿರುಬೆರಳಿನಷ್ಟು ಸಣ್ಣ ಧಾರೆ, ಹೆಗಲ ಮೇಲೆ. ಅದು ತೋಳಿಗಿಳಿದು, ಮೊಣಕೈ ದಾಟಿ, ಸುಕ್ಕುಗಟ್ಟಿದ ಅಂಗೈಗೆ ಬಂತು. ಒಂದು ಕಕ್ಕೆಯ ಎಸಳು ಮೊಣಕೈಯಲ್ಲಿ ಅಂಟಿ ನಿಂತಿತ್ತು. ಅಜ್ಜಿ ಅಂಗೈಯಲ್ಲಿ ನಿಂತ ನೀರನ್ನು ಹುಡುಗಿಯ ನೆತ್ತಿಗೆ ಸವರಿ ಏನೋ ಹೇಳುತ್ತಲೇ ಇದ್ದರು. ಅದು ಮುಗಿಯುವವರೆಗೆ ಯಾರೂ ಕದಲಲಿಲ್ಲ.

ನಾಂಗ್ ಖಿಯಾವ್ ಹತ್ತಿರ ಒಂದು ದೊಡ್ಡ ಗುಹೆ ಇದೆ. ಯುದ್ಧಕಾಲದಲ್ಲಿ ಬಾಂಬಿಗೆ ಹೆದರಿ ಸುತ್ತಲ ಜನ ಅದರೊಳಗೆ ಬದುಕಿದ್ದರು. 1964ರಿಂದ 1973ರವರೆಗೆ ಆ ಪುಟ್ಟ ದೇಶದ ಮೇಲೆ ಅಮೆರಿಕ ಸುರಿಸಿದ್ದು 20 ಲಕ್ಷ ಟನ್ನಿಗೂ ಹೆಚ್ಚು. ಸಿಡಿಯದೆ ಉಳಿದವು ಇವತ್ತಿಗೂ ಗದ್ದೆಯಲ್ಲಿ ಸಿಗುತ್ತವೆ. ಅಲ್ಲಿ ಎಪ್ಪತ್ತು ದಾಟಿದ ಯಾರನ್ನೇ ನೋಡಿದರೂ ನನಗೆ ಇದು ನೆನಪಾಗುತ್ತದೆ. ಆ ಕಾಲವನ್ನು ದಾಟಿ ಬಂದ ಹೆಗಲು ಅದು. ಅದಕ್ಕೆ ನೀರು ಮುಟ್ಟಿಸುವ ಮುಂಚೆ ಕೇಳಬೇಕು ಕಣ್ರೀ.

ಗೊತ್ತು, ಕಾಮೆಂಟಿನಲ್ಲಿ ಏನು ಬರುತ್ತದೆಂದು. ಅಲ್ಲಿನ ಹುಡುಗರೇ ಪೈಪು ಹಿಡಿದು ರಸ್ತೆಯಲ್ಲಿ ನಿಲ್ಲುತ್ತಾರಲ್ಲ, ಬಿಯರ್ ಕುಡಿದು ಕುಣಿಯುತ್ತಾರಲ್ಲ, ಮುಖಕ್ಕೆ ಹಿಟ್ಟು ಬಳಿಯುತ್ತಾರಲ್ಲ ಎಂದು. ಹೌದು, ಮಾಡುತ್ತಾರೆ. ಏಪ್ರಿಲ್‌ನ ಆ ಬಿಸಿಲಿಗೆ ನೀರು ಬಿದ್ದರೆ ಯಾರಿಗಾದರೂ ಖುಷಿಯೇ. ಆ ಹಳ್ಳಿಯಲ್ಲೂ ಮಧ್ಯಾಹ್ನ ಹೊಳೆಯಲ್ಲಿ ನನ್ನನ್ನು ಮುಳುಗಿಸಿ ಎಬ್ಬಿಸಿದರು. ಆದರೆ ಆ ಹುಡುಗರು ಬೆಳಿಗ್ಗೆ ಮನೆಯಲ್ಲಿ ಎರೆದು, ವಿಹಾರದಲ್ಲಿ ಎರೆದು, ಆಮೇಲೆ ಬೀದಿಗೆ ಬಂದವರು. ಬೆಳಗಿನ ಕೆಲಸ ಯಾವುದನ್ನೂ ಮಾಡದೆ ಬರೀ ಮಧ್ಯಾಹ್ನಕ್ಕೆ ವಿಮಾನ ಹತ್ತಿ ಬಂದವನು ಅವರ ಹೆಸರು ಹೇಳಿ ತಪ್ಪಿಸಿಕೊಳ್ಳುವಂತಿಲ್ಲ. ಬಟ್ಟಲು ಹಿಡಿದು ಹೋಗುವ ಅಜ್ಜಿಗೆ ಬಕೆಟ್ ಬೀಸುವುದಂತೂ ಯಾವ ಲೆಕ್ಕದಲ್ಲೂ ಸರಿಯಲ್ಲ.

ಇಷ್ಟೆಲ್ಲ ಸಿಟ್ಟು ಯಾಕೆಂದು ಹೇಳಿಬಿಡುತ್ತೇನೆ. ಇದನ್ನು ಮನೆಯಲ್ಲೂ ಹೇಳಿಲ್ಲ. ಮೊದಲ ವರ್ಷ ಆ ಪಿಕಪ್ ಗಾಡಿಯಲ್ಲಿ ನಾನೂ ನಿಂತಿದ್ದೆ. ವಿಯೆಂಟಿಯಾನ್‌ನಲ್ಲಿ, ಆಫೀಸಿನವರ ಜೊತೆ. ಸೈಕಲ್ಲಿನಲ್ಲಿ ಬರುತ್ತಿದ್ದ ಒಬ್ಬ ಮುದುಕರ ಮೇಲೆ ಬಕೆಟ್ ಸುರಿದೆ. ಸೈಕಲ್ ಓಲಾಡಿತು, ಅವರು ಕಾಲೂರಿ ನಿಂತರು. ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿದರು, ಅಂಗಿಯೂ ಒದ್ದೆ. ಮತ್ತೆ ಹಾಕಿಕೊಂಡು, ನನ್ನ ಮುಖ ನೋಡಿ, 'ಸಬಾಯ್‌ದೀ ಪೀ ಮಾಯ್' ಎಂದು ಹೊಸ ವರ್ಷದ ಶುಭ ಹೇಳಿ ಹೋದರು. ಗಾಡಿಯಲ್ಲಿದ್ದವರೆಲ್ಲ ನಗುತ್ತಿದ್ದರು. ನಾನೂ ನಕ್ಕಿದ್ದೆ.

ಹಳ್ಳಿಯಲ್ಲಿ ಆ ಬೆಳಿಗ್ಗೆ ನನ್ನ ಸರದಿ ಬಂದಾಗ ದೋಣಿಯವನು ಕಿವಿಯಲ್ಲಿ ಹೇಳಿದ: ಎರೆಯುವಾಗ ಮನಸ್ಸಿನಲ್ಲೇ ಕ್ಷಮೆ ಕೇಳಬೇಕು, ಈ ವರ್ಷ ಹಿರಿಯರಿಗೆ ಏನು ತಪ್ಪು ಮಾಡಿದ್ದರೂ ಅದಕ್ಕೆ. ನಾನು ಆ ಸೈಕಲ್ಲಿನವರಿಗೆ ಕೇಳಿದೆ. ಬಟ್ಟಲು ಹಿಡಿದ ಕೈ ನಡುಗಿ ಧಾರೆ ಅಡ್ಡಾದಿಡ್ಡಿ ಹೋಯಿತು. ಅಜ್ಜಿ ಬಟ್ಟಲಿಗೆ ತಮ್ಮ ಕೈಯನ್ನೂ ಕೊಟ್ಟು ನೆಟ್ಟಗೆ ಮಾಡಿದರು. ಆಮೇಲೆ ನನ್ನ ಮಣಿಕಟ್ಟಿಗೆ ಬಿಳಿ ನೂಲು ಕಟ್ಟಿದರು. ಮೂರು ದಿನವಾದರೂ ಬಿಚ್ಚಬಾರದು ಅಂದರು. ನಾನು ಅದು ತಾನಾಗಿ ಹರಿಯುವವರೆಗೆ ಬಿಟ್ಟೆ.

ಆ ರೀಲಿನ ಹುಡುಗನಿಗೆ ಇವತ್ತು ಬೆಳಿಗ್ಗೆ ಮೆಸೇಜ್ ಹಾಕಿದ್ದೇನೆ. ಬೈದಿಲ್ಲ. ಅದನ್ನು ತೆಗೆದುಹಾಕಪ್ಪಾ, ಮುಂದಿನ ಏಪ್ರಿಲ್‌ನಲ್ಲಿ ಹೋಗುವುದಾದರೆ ಹೇಳು, ನಾಂಗ್ ಖಿಯಾವ್ ವ್ಯಾನ್ ಎಲ್ಲಿ ಹಿಡಿಯಬೇಕು, ದೋಣಿ ಎಷ್ಟು ಹೊತ್ತಿಗೆ ಬಿಡುತ್ತದೆ, ಎಲ್ಲ ನಾನು ಹೇಳುತ್ತೇನೆ ಎಂದು ಬರೆದೆ. ಇನ್ನೂ ಓದಿಲ್ಲ.