ಇಲ್ಲಿ ಓದಿದರೆ ಬಡವ, ಅಲ್ಲಿ ಓದಿದರೆ ಕೋಟ್ಯಧೀಶ

ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ಪದವಿ ಮುಗಿಸಿದ ಮಕ್ಕಳಿರುವ ಮನೆಗಳಲ್ಲೆಲ್ಲ ಈಗ ಒಂದೇ ಚರ್ಚೆ: ಮುಂದಿನ ಓದು ಇಲ್ಲಿಯೋ, ಹೊರದೇಶದಲ್ಲಿಯೋ? ಅಧ್ಯಾಪಕರ ಯೋಗ್ಯತೆ, ಪ್ರಯೋಗಾಲಯದ ಸ್ಥಿತಿ, ಹುಡುಗನ ಅಭಿರುಚಿ ಇವುಗಳನ್ನೆಲ್ಲ ಅಳೆದು ತೂಗಿ ಕೈಗೊಳ್ಳುವ ತೀರ್ಮಾನ ಇದೆಂದು ಹೊರಗಿನವರು ಭಾವಿಸಬಹುದು. ಹಾಗೇನೂ ಇಲ್ಲ. ಈ ವರ್ಷ ತಾವು ಬಡವರೆಂದು ಸಾಬೀತುಪಡಿಸುವುದು ಸುಲಭವೋ, ಶ್ರೀಮಂತರೆಂದು ಸಾಬೀತುಪಡಿಸುವುದು ಸುಲಭವೋ ಎಂಬುದನ್ನಷ್ಟೇ ಕುಟುಂಬವು ನಿರ್ಧರಿಸಬೇಕಾಗಿದೆ.

ಇಲ್ಲೇ ಓದುವುದಾದರೆ ಮೊದಲು ನಾಡಕಚೇರಿಗೆ ಹೋಗಬೇಕು. ವಿದ್ಯಾರ್ಥಿವೇತನಕ್ಕೂ ಶುಲ್ಕ ವಿನಾಯಿತಿಗೂ ಆದಾಯ ಪ್ರಮಾಣಪತ್ರವೇ ಆಧಾರವಾದ್ದರಿಂದ, ನಾಲ್ಕು ಎಕರೆ ದ್ರಾಕ್ಷಿ ತೋಟದ ಯಜಮಾನರು ಅಂದು ತಮ್ಮ ಹಳೆಯ ಚಪ್ಪಲಿಯನ್ನೇ ಮೆಟ್ಟಿಕೊಂಡು ಹೊರಡುತ್ತಾರೆ. ಕೌಂಟರಿನ ಮುಂದೆ ನಿಂತಾಗ ಅವರ ಜಮೀನು ಬರೀ ಮಳೆಯಾಶ್ರಿತ. ಕೊಳವೆಬಾವಿ ಸಾವಿರ ಅಡಿ ಕೊರೆದರೂ ಬತ್ತಿದ್ದು. ದ್ರಾಕ್ಷಿ ಆಲಿಕಲ್ಲು ಮಳೆಗೆ ಉದುರಿದ್ದು. ಹಿಪ್ಪುನೇರಳೆ ಹಾಕಿದ್ದ ತುಂಡಿನಿಂದ ಗೂಡು ಶಿಡ್ಲಘಟ್ಟ ಮಾರುಕಟ್ಟೆಗೆ ಹೋದಾಗಲೆಲ್ಲ ಬೆಲೆ ಬಿದ್ದದ್ದು. ಈ ವಿವರಣೆಯಲ್ಲಿ ಪೂರ್ತಿ ಸುಳ್ಳು ಯಾವುದೂ ಇಲ್ಲ ಎಂಬುದೇ ನಮ್ಮ ಜಿಲ್ಲೆಯ ದುರಂತ. ಅಂತೂ ಆ ಪುಟ್ಟ ಅಂಕಿಯ ಕೆಳಗೆ ತಹಶೀಲ್ದಾರರ ಡಿಜಿಟಲ್ ಸಹಿ ಬೀಳುತ್ತದೆ, ಬಡತನಕ್ಕೆ ಐದು ವರ್ಷಗಳ ಮಾನ್ಯತೆ ದೊರೆಯುತ್ತದೆ.

ಹೊರದೇಶಕ್ಕೆ ಹೋಗುವುದಾದರೆ ಅದೇ ಜಮೀನಿನ ಪಹಣಿಯನ್ನು ಹಿಡಿದು, ಆಸ್ತಿಯ ಮೌಲ್ಯಕ್ಕೆ ಪ್ರಮಾಣಪತ್ರ ಬರೆಸಲು ಲೆಕ್ಕಪರಿಶೋಧಕರ ಕಚೇರಿಯ ಮೆಟ್ಟಿಲು ಹತ್ತಬೇಕು. ಸರ್ವೆ ನಂಬರು ಅದೇ, ಹಿಸ್ಸಾ ಅದೇ, ಖಾತೆದಾರರ ಹೆಸರೂ ಅದೇ. ಆದರೆ ಅಲ್ಲಿ ಆ ಜಮೀನು ಕೆಂಪೇಗೌಡ ಅಂತರರಾಷ್ಟ್ರೀಯ ವಿಮಾನ ನಿಲ್ದಾಣಕ್ಕೆ ಸಮೀಪದ, ಹೆದ್ದಾರಿಗೆ ಹತ್ತಿರದ, ಅಭಿವೃದ್ಧಿಗೆ ಸರ್ವಥಾ ಯೋಗ್ಯವಾದ ಸ್ವತ್ತಾಗಿಬಿಡುತ್ತದೆ. ಬತ್ತಿದ ಕೊಳವೆಬಾವಿ ಆಸ್ತಿಪಟ್ಟಿಯಲ್ಲಿ ಒಂದು ಸಾಲಾಗುತ್ತದೆ, ಅಜ್ಜಿಯ ಕಾಸಿನ ಸರ ಇನ್ನೊಂದು. ಕೊನೆಯಲ್ಲಿ ಕೂಡಿಸಿ ಬರೆದ ಕೋಟಿಗಳ ಮೊತ್ತವನ್ನು ಓದಿದ ಯಜಮಾನರು, ತಮಗೇ ತಿಳಿಯದಂತೆ, ಕುರ್ಚಿಯಲ್ಲಿ ಸ್ವಲ್ಪ ನೆಟ್ಟಗೆ ಕೂರುತ್ತಾರೆ.

ಈ ಕೋಟ್ಯಧೀಶರು ಅಲ್ಲಿಂದ ನೇರವಾಗಿ ಬ್ಯಾಂಕಿಗೆ ಹೋಗುವುದು ಸಾಲ ಕೇಳಲು. ಬಹುತೇಕ ಬ್ಯಾಂಕುಗಳು ಶಿಕ್ಷಣ ಸಾಲಕ್ಕೆ ಕೃಷಿ ಜಮೀನನ್ನು ಅಡಮಾನವಾಗಿ ಒಪ್ಪುವುದಿಲ್ಲ. ಅವುಗಳಿಗೆ ಮನೆಯೋ ಸೈಟೋ ಬೇಕು, ಅದಕ್ಕೆ ಇ-ಖಾತೆ ಬೇಕು. ಹೀಗಾಗಿ ಲೆಕ್ಕಪರಿಶೋಧಕರ ಕಾಗದದಲ್ಲಿ ಕೋಟಿ ಬಾಳಿದ ತೋಟಕ್ಕೆ ಬ್ಯಾಂಕಿನ ಮೇಜಿನ ಮೇಲೆ ಕವಡೆ ಕಿಮ್ಮತ್ತೂ ಇಲ್ಲ. ಆದರೂ ಸಾಲ ಪಡೆಯುವುದೇ ಲೇಸು. ಏಕೆಂದರೆ 2025ರ ಏಪ್ರಿಲ್‌ನಿಂದ, ಮಾನ್ಯತೆ ಪಡೆದ ಹಣಕಾಸು ಸಂಸ್ಥೆಯ ಸಾಲದಿಂದ ಓದಿಗೆಂದು ಹೊರಗೆ ಕಳಿಸುವ ಹಣಕ್ಕೆ ಟಿಸಿಎಸ್, ಅಂದರೆ ಹಣ ಕಳಿಸುವಾಗಲೇ ಬ್ಯಾಂಕು ವಸೂಲು ಮಾಡುವ ತೆರಿಗೆಯ, ಕಡಿತವಿಲ್ಲ. ಸ್ವಂತ ದುಡಿಮೆಯ ಹಣವಾದರೆ ವರ್ಷಕ್ಕೆ 10 ಲಕ್ಷ ರೂಪಾಯಿ ದಾಟಿದ ಮೇಲೆ ಕಡಿತವಿದೆ. ಕೃಷಿ ಆದಾಯಕ್ಕೆ ಆದಾಯ ತೆರಿಗೆಯೇ ಇಲ್ಲದ ರೈತನು, ತಾನು ಕಟ್ಟಬೇಕಿಲ್ಲದ ತೆರಿಗೆಯನ್ನು ಮೊದಲು ಕಟ್ಟಿ, ಬಳಿಕ ರಿಟರ್ನ್ ಸಲ್ಲಿಸಿ ವಾಪಸ್ ಪಡೆಯುವ ಸೌಭಾಗ್ಯವನ್ನು ಸರ್ಕಾರವು ಹೀಗೆ ಕರುಣಿಸಿದೆ.

ಇನ್ನು ವೀಸಾ. ಬ್ರಿಟನ್ನಿಗೆ ಹೋಗುವವರು ನಿಗದಿತ ಮೊತ್ತವು ಸತತ 28 ದಿನ ಖಾತೆಯಲ್ಲಿ ಅಲುಗಾಡದೆ ಇದ್ದುದನ್ನು ತೋರಿಸಬೇಕು. ಈ ನಿಯಮವು ನಮ್ಮ ಕಡೆ ಒಂದು ಹೊಸ ಕಸುಬನ್ನೇ ಹುಟ್ಟುಹಾಕಿದೆ: ಬಡ್ಡಿಗೆ ಹಣ ಬಿಡುವವರು ಈಗ ಖರ್ಚಿಗಷ್ಟೇ ಅಲ್ಲ, ಬರೀ ತೋರಿಕೆಗೂ ಸಾಲ ಕೊಡುತ್ತಾರೆ. ಇಪ್ಪತ್ತೊಂಬತ್ತನೆಯ ದಿನ ಹಣ ಬಂದ ದಾರಿಯಲ್ಲೇ ಹಿಂದಿರುಗುತ್ತದೆ, ಬಡ್ಡಿ ಮಾತ್ರ ಇವರ ಪಾಲಿಗೆ ಉಳಿಯುತ್ತದೆ.

ಅಮೆರಿಕದ್ದು ಬೇರೆಯೇ ಪರೀಕ್ಷೆ. ವಿದ್ಯಾರ್ಥಿ ವೀಸಾ ಕೇಳುವವನು ಅಲ್ಲೇ ನೆಲೆಸಲು ಹೊರಟವನೆಂದು ಅವರ ಕಾನೂನಿನ 214(ಬಿ) ಕಲಮು ಮೊದಲೇ ಭಾವಿಸಿಕೊಂಡಿರುತ್ತದೆ. ಹಾಗಲ್ಲವೆಂದು ಮನವರಿಕೆ ಮಾಡಿಕೊಡುವ ಹೊಣೆ ಹುಡುಗನದು. ಆದ್ದರಿಂದ ವೀಸಾ ಕಿಟಕಿಯ ಮುಂದೆ ಅವನು ಓದು ಮುಗಿದ ಮರುದಿನವೇ ಚಿಂತಾಮಣಿಗೆ ಹಿಂದಿರುಗಿ ಟೊಮೆಟೊ ತೋಟ ನೋಡಿಕೊಳ್ಳುವುದಾಗಿ ಹೇಳಬೇಕು. ಸಾಲ ತೀರಿಸುವ ಬಗೆ ಹೇಗೆಂದು ಕೇಳುವ ಬ್ಯಾಂಕಿನ ಅಧಿಕಾರಿಗೆ ಅಲ್ಲೇ ಕೆಲಸ ಹಿಡಿದು ಡಾಲರ್ ಕಳಿಸುವುದಾಗಿ ಹೇಳಬೇಕು. ಅಷ್ಟರಲ್ಲಿ ಗೆಳೆಯರ ಬಳಗವು ಬಸ್ ನಿಲ್ದಾಣದ ಎದುರು ಕಟ್ಟಿಸಿದ ಫ್ಲೆಕ್ಸು, ‘ಅಮೆರಿಕದಲ್ಲಿ ನೆಲೆಸಲಿರುವ ನಮ್ಮೂರ ಹುಲಿ’ಗೆ ಶುಭ ಕೋರಿ ಅವನ ಗುಟ್ಟನ್ನು ಬಯಲು ಮಾಡಿರುತ್ತದೆ.

ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಡಾ. ಎಚ್. ನರಸಿಂಹಯ್ಯನವರು ಈ ಕಿಟಕಿಯ ಮುಂದೆ ಇಂದು ನಿಂತಿದ್ದರೆ ಏನಾಗುತ್ತಿತ್ತೆಂದು ಯೋಚಿಸುತ್ತೇನೆ. ಹೆಂಡತಿಯಿಲ್ಲ, ಮಕ್ಕಳಿಲ್ಲ, ವಾಸಕ್ಕೆ ಕಾಲೇಜಿನ ಹಾಸ್ಟೆಲಿನ ಕೋಣೆ. ಸ್ವದೇಶಕ್ಕೆ ಮರಳುವ ಬಲವಾದ ಕಾರಣಗಳಿಲ್ಲವೆಂದು ಮೂರೇ ನಿಮಿಷದಲ್ಲಿ ಕಳಿಸಿಬಿಡುತ್ತಿದ್ದರು. ಓಹಾಯೋ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ 1960ರಲ್ಲಿ ಪಿಎಚ್‌ಡಿ ಪಡೆದ ಆ ಮನುಷ್ಯ ಮರಳಿ ಬಂದು ನ್ಯಾಷನಲ್ ಕಾಲೇಜಿನಲ್ಲಿ ಪಾಠ ಮಾಡಿದರು, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದರು, ಗೌರಿಬಿದನೂರು ಮತ್ತು ಬಾಗೇಪಲ್ಲಿಗೂ ಕಾಲೇಜು ತಂದರು. ಆಸ್ತಿಪಟ್ಟಿಯಲ್ಲಿ ಇದನ್ನೆಲ್ಲ ಬರೆಯಲು ಕಾಲಮ್ಮೇ ಇಲ್ಲ.

ನಮ್ಮ ಮಕ್ಕಳ ಪಾಲಿಗೆ ಭೂಗೋಳವೂ ಪಕ್ಷಪಾತಿ. 2017ರಲ್ಲಿ ಆರಂಭವಾದ ಬೆಂಗಳೂರು ಉತ್ತರ ವಿಶ್ವವಿದ್ಯಾಲಯವು ಕೋಲಾರದ ಟಮಕದಲ್ಲಿದ್ದು, ಚಿಕ್ಕಬಳ್ಳಾಪುರದವರಿಗೆ ಅದಕ್ಕಿಂತ ವಿಮಾನ ನಿಲ್ದಾಣವೇ ಹತ್ತಿರ. ಎರಡು ಬಸ್ಸು ಬದಲಿಸಿ ತಲುಪುವ ವಿಶ್ವವಿದ್ಯಾಲಯ ಹೇಗಿದೆಯೆಂದು ಒಮ್ಮೆ ಹೋಗಿ ನೋಡಿ ಬರುವಷ್ಟು ಪುರುಸೊತ್ತು ಯಾರಿಗೂ ಇರುವುದಿಲ್ಲ. ಕಾಣದ ದೇಶದ ವಿಶ್ವವಿದ್ಯಾಲಯದ ಹುಲ್ಲುಹಾಸಿನ ಫೋಟೋ ಮಾತ್ರ ಸೋದರಮಾವನ ಮೊಬೈಲಿನಲ್ಲೂ ಇರುತ್ತದೆ.

ವೀಸಾ ತಿರಸ್ಕೃತವಾದರೆ ಕುಟುಂಬವೇನೂ ಎದೆಗುಂದುವುದಿಲ್ಲ, ಬೀರುವಿನಲ್ಲಿರುವ ಆದಾಯ ಪ್ರಮಾಣಪತ್ರದ ಅವಧಿ ಇನ್ನೂ ಮುಗಿದಿರುವುದಿಲ್ಲ. ಟಮಕದಲ್ಲಿ ಪ್ರವೇಶಕ್ಕೆ ಅರ್ಜಿ ಸಲ್ಲಿಸುವ ಕೊನೆಯ ದಿನಾಂಕ ಮಾತ್ರ ಮುಗಿದಿರುತ್ತದೆ.